ಕನಸು ಬೀಳದ ಜುಲೈಕಾ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ಸರ್ವಿಸ್ ಇಡೀ ಮಕ್ಕಳಿಗೆ ವಿಸ್ತರಿಸಿ ಬರೆಯಲು ಕೊಟ್ಟವಳು ನಾನು. ನಿವೃತ್ತಳಾಗಿ ಮನೆಯಲ್ಲಿ ಕೂತು, ಪಕ್ಕದ ಮನೆಯ ಜುಲೈಕಾಳನ್ನು ಹತ್ತಿರದಿಂದ ನೋಡಿದ ಮೇಲೆ ಆ ಗಾದೆಯ ಮೇಲಿನ ನಂಬಿಕೆ ಹೋಯಿತು. ಜುಲೈಕಾಳಿಗೆ ಚಿಂತೆಗೇನೂ ಕೊರತೆ ಇರಲಿಲ್ಲ. ಆದರೂ ತಲೆ ದಿಂಬಿಗೆ ತಾಗುವುದೇ ತಡ, ನಿದ್ದೆ. ಕಿವಿಯ ಬುಡದಲ್ಲಿ ಬ್ಯಾಂಡ್ ಬಾರಿಸಿದರೂ ಏಳುವವಳಲ್ಲ. ಅಂಥ ನಿದ್ದೆ ದೇವರು ಕೊಟ್ಟ ವರ ಎಂದು ನಾನು ಹೊಟ್ಟೆಕಿಚ್ಚು ಪಡುತ್ತಿದ್ದೆ. ಆ ವರವೇ ಹೋದ ವರ್ಷ ಅವಳಿಗೆ ತಲೆನೋವಾಯಿತು.

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವಾಗ ಪುಂಜಾಲಕಟ್ಟೆ ಪೇಟೆ ದಾಟಿದ ಕೂಡಲೇ ಎಡಕ್ಕೆ ಇಳಿಯುವ ದಾರಿಯಲ್ಲಿ ನಮ್ಮ ಎರಡು ಮನೆಗಳಿವೆ, ನಡುವೆ ಒಂದು ಗಿಡ್ಡ ಪಾಗಾರದ ಗೋಡೆ. ಜುಲೈಕಾ ಅಕ್ಕಿರೊಟ್ಟಿ ಮಾಡಿ ಮಾರುತ್ತಿದ್ದಳು. ಮೂಡುಬಿದಿರೆಯ ಮದುವೆಗೂ ಬೆಳ್ತಂಗಡಿಯ ನಿಶ್ಚಯಕ್ಕೂ ಅವಳ ರೊಟ್ಟಿಯೇ ಆಗಬೇಕು. ಕಾಗದದಷ್ಟು ತೆಳು, ಮಡಚಿದರೆ ಮುರಿಯುವುದಿಲ್ಲ. ಕುದಿಯುವ ನೀರಿಗೆ ಹಾಕಿದ ಹಿಟ್ಟನ್ನು ಬಿಸಿ ಆರುವ ಮೊದಲೇ ನಾದಬೇಕು, ಅಷ್ಟೇ ಗುಟ್ಟು. ಆರಿದರೆ ರೊಟ್ಟಿ ಒಡೆಯುತ್ತದೆ. ಕೈ ಸುಡುತ್ತದೆ, ಸುಟ್ಟರೂ ನಾದಬೇಕು. ಲಾರಿ ಓಡಿಸುತ್ತಿದ್ದ ಗಂಡ ಎದೆನೋವು ಬಂದು ತೀರಿಹೋದಾಗ ಅವಳಿಗೆ ಮೂವತ್ತೈದು ಕೂಡ ತುಂಬಿರಲಿಲ್ಲ. ಆಮೇಲೆ ಈ ರೊಟ್ಟಿಯಲ್ಲೇ ಮಗಳು ಫರ್ಹಾನಳನ್ನು ಓದಿಸಿ ಮೂಡುಬಿದಿರೆಗೆ ಮದುವೆ ಮಾಡಿ ಕೊಟ್ಟಳು, ಮಗ ನೌಫಲ್‌ನನ್ನು ಕೆಲಸಕ್ಕೆ ಸೌದಿಯ ದಮ್ಮಾಮಿಗೆ ಕಳಿಸಿದಳು. ಮನೆಯಲ್ಲಿ ಉಳಿದವಳು ಅವಳೊಬ್ಬಳೇ.

ನಾನು ಫರ್ಹಾನಳಿಗೆ ಕನ್ನಡ ಕಲಿಸಿದವಳು, ಆದ್ದರಿಂದ ಅಮ್ಮನಿಗೂ ಮಗಳಿಗೂ ನಾನು ಟೀಚರ್. ನಾವು ಮಾತಾಡುವುದು ತುಳುವಿನಲ್ಲಿ. ಅದನ್ನು ಇಲ್ಲಿ ನಮ್ಮ ಕಡೆಯ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ನನ್ನ ಸ್ವಭಾವವನ್ನೂ ಹೇಳಿಬಿಡುತ್ತೇನೆ. ಕೇಳಿದ ಪ್ರಶ್ನೆಗೆ ಒಂದು ವಾಕ್ಯದಲ್ಲಿ ಉತ್ತರ ಬಾರದಿದ್ದರೆ ನನಗೆ ಸಿಟ್ಟು ಬರುತ್ತದೆ. ಪೆನ್ಶನ್ ಬಂದರೂ ಆ ಸಿಟ್ಟು ಹೋಗಿಲ್ಲ.

ಹೋದ ವರ್ಷ ಚಳಿ ಮುಗಿಯುವ ಹೊತ್ತಿಗೆ ಜುಲೈಕಾಳಿಗೆ ಒಂದು ಸಂಬಂಧ ಬಂತು. ಫರ್ಹಾನಳ ಅತ್ತೆಯ ಕಡೆಯವರು ತಂದದ್ದು. ಹುಡುಗ ಎನ್ನುವ ಹಾಗಿಲ್ಲ, ಐವತ್ತು ದಾಟಿದ ಅಬ್ದುಲ್ ಶುಕೂರ್ ಎಂಬವರು. ಕನ್ಯಾನ ಪೇಟೆಯಲ್ಲಿ ಹತ್ತಿಯ ಹಾಸಿಗೆ, ದಿಂಬು ಹೊಲಿದು ಮಾರುವ ಅಂಗಡಿ. ಹೆಂಡತಿ ತೀರಿಹೋಗಿ ಕೆಲವು ವರ್ಷಗಳಾಗಿದ್ದವು, ಹೆಣ್ಣುಮಕ್ಕಳೆಲ್ಲ ಗಂಡನ ಮನೆಯಲ್ಲಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚುವ ಮನುಷ್ಯ ಅಂತಾಯಿತು ಎಂದು ನಾನು ತಮಾಷೆ ಮಾಡಿದೆ. ಜುಲೈಕಾ ನಗಲಿಲ್ಲ, ಸೆರಗಿನ ತುದಿಯಿಂದ ಒಲೆಯ ಕಟ್ಟೆ ಒರೆಸುತ್ತಾ ನಿಂತಳು.

ಅವರು ತಂಗಿಯನ್ನು ಕರೆದುಕೊಂಡು ಒಮ್ಮೆ ಬಂದು ನೋಡಿ ಹೋದರು. ಜುಲೈಕಾ ನನ್ನನ್ನೂ ಕರೆದಿದ್ದಳು. ತಂಗಿ ಮನೆಯ ಮಾಡು, ಬಾವಿ, ಮಗನ ಕೆಲಸ ಎಲ್ಲ ವಿಚಾರಿಸಿದಳು. ಆ ಮನುಷ್ಯ ಹೆಚ್ಚು ಮಾತಾಡಲಿಲ್ಲ. ರೊಟ್ಟಿ ತಿಂದು ಕೈ ತೊಳೆಯಲು ಹೋದವರು ಅಡುಗೆಮನೆಯ ಬಾಗಿಲಲ್ಲಿ ನಿಂತು, ಮೊಣಕಾಲಿನಷ್ಟು ಎತ್ತರಕ್ಕೆ ಪೇರಿಸಿಟ್ಟಿದ್ದ ರೊಟ್ಟಿಯನ್ನು ನೋಡಿ, ಇಷ್ಟನ್ನೂ ನೀವೊಬ್ಬರೇ ಮಾಡುವುದಾ, ಕೈ ನೋಯುವುದಿಲ್ಲವಾ ಎಂದು ಕೇಳಿದರು. ಜುಲೈಕಾ ಇಲ್ಲ ಎಂದಳು. ಅವರು ಹೂಂ ಎಂದು ಹೊರಟರು. ಹೌದೋ ಅಲ್ಲವೋ ಎಂದು ರಂಜಾನ್ ತಿಂಗಳು ಹಿಡಿಯುವ ಮೊದಲು ತಿಳಿಸಿ ಎಂದು ತಂಗಿ ಹೇಳಿ ಹೋದಳು.

ಇದರಲ್ಲಿ ಕೇಳುವುದೇನುಂಟು, ಮನುಷ್ಯ ಒಳ್ಳೆಯವನ ಹಾಗೆ ಕಾಣುತ್ತಾನೆ, ಹೌದು ಎಂದು ಹೇಳು ಎಂದೆ ನಾನು. ಅವಳು, ಇಲ್ಲ, ಮೊದಲು ಇಸ್ತಿಖಾರ ಮಾಡಬೇಕು ಎಂದಳು. ಅಂದರೆ ಏನೆಂದು ಅವಳೇ ವಿವರಿಸಿದಳು. ದೊಡ್ಡ ನಿರ್ಧಾರ ತೆಗೆದುಕೊಳ್ಳುವ ಮೊದಲು ಎರಡು ರಕಅತ್ ನಮಾಜ್ ಮಾಡಿ, ಇದು ನನಗೆ ಒಳ್ಳೆಯದಾದರೆ ಸುಲಭ ಮಾಡಿ ಕೊಡು, ಕೆಟ್ಟದಾದರೆ ನನ್ನಿಂದ ದೂರ ಮಾಡು ಎಂದು ಅಲ್ಲಾಹನಲ್ಲಿ ಕೇಳಿಕೊಳ್ಳುವುದು. ಆಮೇಲೆ ಮಲಗಿದರೆ ಕನಸಿನಲ್ಲಿ ಜವಾಬು ಬರುತ್ತದೆ ಎಂದು ಅವಳ ಉಮ್ಮ, ಅಂದರೆ ತಾಯಿ, ಹೇಳಿಕೊಟ್ಟಿದ್ದರಂತೆ. ಹಸಿರು, ಬಿಳಿ ಕಂಡರೆ ಹೌದು. ಕಪ್ಪು, ಕೆಂಪು ಕಂಡರೆ ಬೇಡ.

ಜುಲೈಕಾಳಿಗೆ ಏನೂ ಕಾಣಲಿಲ್ಲ. ಕಂಡದ್ದೆಲ್ಲ ಉಳಿದವರಿಗೆ. ಅಮ್ಮನ ಪರವಾಗಿ ತಾನೂ ಇಸ್ತಿಖಾರ ಮಾಡಿದ್ದೇನೆ ಎಂದು ಫರ್ಹಾನ ಫೋನ್ ಮಾಡಿದಳು. ಕನಸಿನಲ್ಲಿ ಇಡೀ ಮನೆಗೆ ಹಸಿರು ಪರದೆ ಕಂಡಿತಂತೆ. ದಮ್ಮಾಮಿನಿಂದ ನೌಫಲ್ ಫೋನ್ ಮಾಡಿದ. ಅವನಿಗೆ ಬಂಟ್ವಾಳದ ಸೇತುವೆಯ ಕೆಳಗೆ ನೇತ್ರಾವತಿ ಕಪ್ಪಗೆ ಉಕ್ಕಿದ್ದು ಕಂಡಿತಂತೆ, ಆಚೆ ದಡದಲ್ಲಿ ಉಮ್ಮ. ಬೇಡ ಉಮ್ಮ, ಇದು ಸರಿ ಬರುವುದಿಲ್ಲ ಎಂದನಂತೆ. ಒಬ್ಬನೇ ದೇವರು, ಒಂದೇ ಪ್ರಶ್ನೆ, ಮೂಡುಬಿದಿರೆಗೆ ಒಂದು ಉತ್ತರ, ದಮ್ಮಾಮಿಗೆ ಇನ್ನೊಂದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರು ಬಾಯಿ ತೆರೆಯುವ ಮೊದಲೇ ಇಬ್ಬರು ಪೂಜಾರಿಗಳು ಪ್ರಸಾದ ಹಂಚಿ ಆಗಿತ್ತು. ಫರ್ಹಾನ ತನ್ನ ಹೊಸ ಮನೆಗೆ ಪರದೆ ಬಟ್ಟೆ ಹುಡುಕಿಕೊಂಡು ಅಂಗಡಿ ಅಂಗಡಿ ಅಲೆಯುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ಉಮ್ಮ ಬೇರೆ ಮನೆಗೆ ಹೋದರೆ ರಜೆಯಲ್ಲಿ ತಾನು ಯಾವ ಮನೆಗೆ ಬರುವುದು ಎಂಬ ಸಂಕಟ ನೌಫಲ್‌ಗೆ ಇತ್ತು ಎಂಬುದೂ ಗೊತ್ತಿತ್ತು. ಆದರೆ ಇಬ್ಬರೂ ಸುಳ್ಳು ಹೇಳುವ ಮಕ್ಕಳಲ್ಲ.

ನಿನಗೆ ಏನು ಕಂಡಿತು ಎಂದು ಜುಲೈಕಾಳನ್ನೇ ಕೇಳಿದೆ. ಅವಳು ಹಿಟ್ಟಿನ ಉಂಡೆಯನ್ನು ಕೈಯಿಂದ ಕೆಳಗಿಟ್ಟಳು.

"ನನಗೆ ಕನಸೇ ಬೀಳುದಿಲ್ಲ ಟೀಚರೇ. ಸಣ್ಣಂದಿನಿಂದ ಬಿದ್ದದ್ದೇ ಇಲ್ಲ. ಮಲಗಿದ್ರೆ ಬೆಳಿಗ್ಗೆಯೇ. ಎಲ್ಲರಿಗೂ ಹೇಳುವವನು ನನಗೆ ಮಾತ್ರ ಯಾಕೆ ಹೇಳುದಿಲ್ಲ? ಕೇಳಿದವಳು ನಾನಲ್ವಾ?"

ಅವಳ ಕಣ್ಣಲ್ಲಿ ನೀರು ಇತ್ತು. ನಾನು ಮೊದಲು ನಗಲು ಹೊರಟಿದ್ದೆ, ಅದನ್ನು ನೋಡಿ ಸುಮ್ಮನಾದೆ. ಮದುವೆಯ ವಿಷಯ ಬೇರೆ, ಇದು ಬೇರೆ. ಐದು ಹೊತ್ತು ಬಿಡದೆ ನಮಾಜ್ ಮಾಡಿದವಳು, ತನ್ನ ಹೆಸರೇ ಅವನ ಬಳಿ ಇಲ್ಲವೋ ಏನೋ ಎಂದು ಹೆದರಿದ್ದಳು.

ಆಮೇಲೆ ಕನಸು ಬೀಳಿಸುವ ಕೆಲಸ ಶುರುವಾಯಿತು. ಹತ್ತು ಜನ ಹತ್ತು ಉಪಾಯ ಹೇಳಿದರು. ಬಲಮಗ್ಗುಲಲ್ಲಿ ಮಲಗು ಎಂದರು, ಮಲಗಿದಳು. ರಾತ್ರಿ ಊಟ ಬಿಡು ಎಂದರು, ಬಿಟ್ಟಳು. ಬಿಳಿ ಹೊದಿಕೆ ಹಾಸು ಎಂದರು, ಹಾಸಿದಳು. ಯಾರೋ ಚಾ ಬಿಡು ಎಂದರು. ಇನ್ಯಾರೋ ಚಾ ಹೆಚ್ಚು ಕುಡಿ ಎಂದರು, ನಿದ್ದೆ ತೆಳುವಾದರೆ ಕನಸು ಬೀಳುತ್ತದಂತೆ. ಮಧ್ಯಾಹ್ನ ಮಲಗಿ ನೋಡು ಎಂದವಳು ನಾನೇ. ಎಲ್ಲ ಮಾಡಿ ಅವಳ ನಿದ್ದೆ ಇನ್ನೂ ಗಟ್ಟಿಯಾಯಿತು. ಒಂದು ದಿನ ಅಲಾರಂ ಬಾರಿಸಿ ಬಾರಿಸಿ ತಾನೇ ಸುಸ್ತಾಗಿ ನಿಂತಿತು. ಬೆಳ್ತಂಗಡಿಯ ಮದುವೆಮನೆಯ ಜೀಪು ಗೇಟಿನ ಹೊರಗೆ ಹಾರ್ನ್ ಹಾಕುವಾಗ ಜುಲೈಕಾ ಇನ್ನೂ ಹಾಸಿಗೆಯಲ್ಲಿದ್ದಳು. ನಾನು ಪಾಗಾರ ದಾಟಿ ಹೋಗಿ ಎಬ್ಬಿಸಿದೆ, ಲಟ್ಟಿಸಲೂ ಕೂತೆ. ನನ್ನ ರೊಟ್ಟಿಗಳು ಒಂದೊಂದೂ ಒಂದೊಂದು ತಾಲೂಕಿನ ನಕ್ಷೆಯಾದವು. ರೊಟ್ಟಿ ಹೋಗುವಾಗ ಅಲ್ಲಿ ಮೊದಲ ಪಂಕ್ತಿ ಎದ್ದಾಗಿತ್ತು. ಅವಳ ಕೈಯಿಂದ ಹಾಗೆ ತಪ್ಪಿದ್ದು ಅದೇ ಮೊದಲು.

ಅವತ್ತು ಸಂಜೆ ನಾನು ನಮ್ಮ ಉಪಾಯ ಹೇಳಿದೆ. ನಮ್ಮಲ್ಲಿ ಇಷ್ಟು ತಾಪತ್ರಯ ಇಲ್ಲ. ಒಂದು ಪೊಟ್ಟಣದಲ್ಲಿ ಬಿಳಿ ಹೂ, ಇನ್ನೊಂದರಲ್ಲಿ ಕೆಂಪು ಹೂ ಕಟ್ಟಿ ದೇವರ ಮುಂದೆ ಇಟ್ಟು, ಪ್ರಾರ್ಥನೆ ಮಾಡಿ ಒಂದನ್ನು ಎತ್ತಿದರೆ ಆಯಿತು. ಬಿಳಿ ಬಂದರೆ ಹೌದು, ಕೆಂಪು ಬಂದರೆ ಅಲ್ಲ, ಒಂದು ವಾಕ್ಯವೂ ಬೇಡ. ನಿನ್ನ ಪರವಾಗಿ ನಾನು ಕೇಳಿ ಬರಲಾ ಎಂದೆ. ಜುಲೈಕಾ ತುಸು ಹೊತ್ತು ನಿಜವಾಗಿಯೂ ಯೋಚಿಸಿದಳು. ಅವಳು ಎಷ್ಟು ಸೋತಿದ್ದಾಳೆಂದು ನನಗೆ ಆಗ ತಿಳಿಯಿತು. ಕೊನೆಗೆ, ಬೇಡ ಟೀಚರೇ, ನನ್ನದನ್ನು ನಾನೇ ಕೇಳಬೇಕು ಎಂದಳು. ಮನೆಗೆ ಬಂದು ನನ್ನ ಯಜಮಾನರು ವೇಣುಗೋಪಾಲರಿಗೆ ಹೇಳಿದರೆ ಅವರು ನಕ್ಕು, ನಮ್ಮ ಬೋರ್‌ವೆಲ್ಲಿಗೂ ಬಿಳಿ ಹೂವೇ ಬಂದದ್ದಲ್ಲವಾ, ಪ್ರಸಾದ ಆಯಿತು, ನೀರು ಮಾತ್ರ ಆಗಲಿಲ್ಲ ಎಂದರು. ನನಗೆ ಬಂದ ಸಿಟ್ಟಿಗೆ ಅವರಿಗೆ ಚಾ ಕೊಡಲಿಲ್ಲ.

ಆದರೆ ಆ ಹೂವಿನ ಮಾತು ಮನಸ್ಸಿನಲ್ಲಿ ಉಳಿಯಿತು. ಜುಲೈಕಾ ಕನ್ಯಾನಕ್ಕೆ ಹೋದರೆ ಪಾಗಾರದ ಆಚೆ ಯಾರು? ಮಧ್ಯಾಹ್ನ ಊಟವಾದ ಮೇಲೆ ನಾನು ಯಾರ ಜಗಲಿಯಲ್ಲಿ ಕೂರುವುದು? ನಾನು ಹೂ ಎತ್ತಿದ್ದರೆ ಕೈ ಯಾವ ಪೊಟ್ಟಣದ ಕಡೆ ಹೋಗುತ್ತಿತ್ತು? ಹೌದು ಎಂದು ಹೇಳು ಎಂದು ಬಾಯಲ್ಲಿ ಹೇಳುತ್ತಾ ಒಳಗೆ ನಾನು ಕೆಂಪು ಹೂವನ್ನೇ ಬಯಸುತ್ತಿದ್ದೆನೋ ಏನೋ. ಈಗಲೂ ನನಗೆ ಅದು ಸರಿಯಾಗಿ ತಿಳಿದಿಲ್ಲ.

ದಿನ ಹತ್ತಿರ ಬಂತು. ಶುಕೂರರ ತಂಗಿ ಎರಡೆರಡು ಸಲ ಫೋನ್ ಮಾಡಿದ್ದಳು. ಜುಲೈಕಾ ಮಸೀದಿಯ ಉಸ್ತಾದರನ್ನು ಕೇಳುತ್ತೇನೆ ಎಂದು ಹೊರಟಳು. ಜೊತೆಗೆ ನನ್ನನ್ನೂ ಎಳೆದಳು. ಉಸ್ತಾದರು ನೌಫಲ್‌ನ ವಯಸ್ಸಿನವರು. ಮಸೀದಿಯ ಹಿಂದೆ ಅವರ ಮನೆಯ ಜಗಲಿಯಲ್ಲಿ ಅವರ ಹೆಂಡತಿ ನಮಗೆ ಶರಬತ್ತು ಕೊಟ್ಟಳು. ಜುಲೈಕಾ ಎಲ್ಲ ಹೇಳಿದಳು, ಹಸಿರು ಪರದೆ, ಕಪ್ಪು ನೀರು, ತನಗೆ ಕನಸು ಬೀಳದಿರುವುದು. ಉಸ್ತಾದರು ಕೇಳಿ ಮುಗಿಸಿ, ಕನಸು ಬೀಳಲೇಬೇಕೆಂದು ಎಲ್ಲಿಯೂ ಹೇಳಿಲ್ಲ ಎಂದರು. ಹಾಗಾದರೆ ಜವಾಬು ಹೇಗೆ ಬರುತ್ತದೆ ಎಂದು ಅವಳು ಕೇಳುವ ಮೊದಲು ನಾನೇ ಕೇಳಿದೆ.

ಅವರು ನನಗೆ ಉತ್ತರ ಕೊಡಲಿಲ್ಲ. ಜುಲೈಕಾಳ ಕಡೆ ತಿರುಗಿ, ನೀವು ನಮಾಜಿಗೆ ನಿಂತಾಗ ಮನೆಯಲ್ಲಿ ಏನು ಆಗುತ್ತಿರುತ್ತದೆ ಎಂದು ಕೇಳಿದರು. ಅವಳು ತುಸು ನಾಚಿದಳು. ಒಲೆಯಲ್ಲಿ ನೀರು ಇಟ್ಟೇ ನಿಲ್ಲುವುದು, ನೀರು ಕುದಿಯುವುದಕ್ಕೂ ಸಲಾಂ ಹೇಳಿ ಮುಗಿಸುವುದಕ್ಕೂ ಸರಿಯಾಗುತ್ತದೆ, ಕೂಡಲೇ ಏಳದಿದ್ದರೆ ಹಿಟ್ಟು ಹಾಳು ಎಂದಳು. ಇಷ್ಟು ವರ್ಷ ನಮಾಜ್ ಮಾಡಿದ್ದು ಒಂದು ಕಿವಿಯನ್ನು ಪಾತ್ರೆಯ ಕಡೆ ಇಟ್ಟುಕೊಂಡೇ. ಇಸ್ತಿಖಾರವನ್ನೂ ಹಾಗೆಯೇ ಮಾಡಿದ್ದಳು.

"ಒಂದು ದಿನ ಒಲೆ ಆರಿಸಿ ಕೂತುಕೊಳ್ಳಿ ಉಮ್ಮಾ," ಎಂದರು ಉಸ್ತಾದರು. "ಹೌದು ಅಂತಲೂ ಬೇಡ, ಅಲ್ಲ ಅಂತಲೂ ಬೇಡ. ಮಗ ಹೇಳಿದ್ದು, ಮಗಳು ಹೇಳಿದ್ದು ಎಲ್ಲ ಹೊರಗೆ ಇಡಿ. ಮನಸ್ಸು ಎರಡು ಕಡೆಗೂ ವಾಲದ ಹಾಗೆ ಮಾಡಿ ಕೇಳಿ. ಕೇಳಿ ಆದ ಮೇಲೆ ಏಳ್ಬೇಡಿ."

ದಾರಿಯಲ್ಲಿ ಜುಲೈಕಾ, ಅಷ್ಟೇನಾ ಟೀಚರೇ ಎಂದಳು. ನನಗೂ ಹಾಗೆಯೇ ಅನಿಸಿತು. ಮಂತ್ರವೋ ನೂಲೋ ಏನಾದರೂ ಕೊಡುತ್ತಾರೆಂದು ಹೋದರೆ ಒಲೆ ಆರಿಸು ಎಂದು ಕಳಿಸಿದ್ದರು. ಅದು ಸುಲಭವಲ್ಲ ಎಂದು ಆಮೇಲೆ ಗೊತ್ತಾಯಿತು. ಒಂದು ಬೆಳಿಗ್ಗೆಯ ಆರ್ಡರ್ ಬೇಡ ಎನ್ನಲು ಅವಳಿಗೆ ವಾರ ಹಿಡಿಯಿತು. ಗಂಡ ಸತ್ತು, ವಿಧವೆ ಮನೆಯೊಳಗೇ ಕೂರುವ ಇದ್ದತ್‌ನ ತಿಂಗಳುಗಳು ಮುಗಿದ ಮೇಲೆ ಆ ಒಲೆ ಒಂದು ಬೆಳಿಗ್ಗೆಯೂ ತಣ್ಣಗಿದ್ದದ್ದಿಲ್ಲ.

ಆ ದಿನ ಬಿಸಿಲು ಏರುವ ಹೊತ್ತಿಗೆ ನಾನು ಪಾಗಾರದ ಬಳಿ ನಿಂತರೆ ರೊಟ್ಟಿ ಬೇಯುವ ವಾಸನೆ ಇಲ್ಲ, ಮಣೆಯ ಸದ್ದಿಲ್ಲ. ಹೋಗಿ ಅವಳ ಜಗಲಿಯಲ್ಲಿ ಕೂತೆ. ಒಳಗೆ ಕೋಣೆಯ ಬಾಗಿಲು ಮುಚ್ಚಿತ್ತು. ನಾನೂ ಸುಮ್ಮನೆ ಕೂರುವ ಎಂದು ಕಣ್ಣು ಮುಚ್ಚಿದೆ. ಬೀಗ ಹಾಕಿದೆನಾ, ಕುಕ್ಕರ್ ಎಷ್ಟು ಕೂಗಿತು, ನೌಫಲ್ ಏನೆನ್ನುತ್ತಾನೆ, ಬೋರ್‌ವೆಲ್, ಉಸ್ತಾದರ ಹೆಂಡತಿಯ ಶರಬತ್ತಿಗೆ ಸಕ್ಕರೆ ಹೆಚ್ಚಾಗಿತ್ತು. ನನ್ನ ತಲೆಯೊಳಗೆ ಪುಂಜಾಲಕಟ್ಟೆಯ ಬಸ್‌ಸ್ಟ್ಯಾಂಡೇ ಇತ್ತು. ಇಷ್ಟು ಗಲಾಟೆಯ ನಡುವೆ ಕೂತು ನಾನು ಇಷ್ಟು ವರ್ಷ ದೇವರನ್ನು ಹೌದಾ ಅಲ್ಲವಾ ಎಂದು ಗದರಿಸಿ ಕೇಳುತ್ತಿದ್ದೆ.

ಬಾಗಿಲು ತೆರೆದು ಜುಲೈಕಾ ಹೊರಗೆ ಬಂದಳು. ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು. ಅತ್ತ ಹಾಗೆ ಕಾಣುತ್ತಿತ್ತು.

"ಟೀಚರೇ, ನನ್ನ ಕೈ ನೋಯ್ತಾ ಉಂಟು."

ಬಿದ್ದೆಯಾ ಎಂದು ಗಾಬರಿಯಿಂದ ಕೇಳಿದೆ. ಇಲ್ಲ, ಬೀಳಲಿಲ್ಲ. ಸುಮ್ಮನೆ ಕೂತಿದ್ದಳಂತೆ. ಮೊದಲು ಎಲ್ಲರೂ ತಲೆಯೊಳಗೆ ಮಾತಾಡಿದರಂತೆ, ಆಮೇಲೆ ಒಬ್ಬೊಬ್ಬರಾಗಿ ಸುಮ್ಮನಾದರಂತೆ. ಎಲ್ಲ ನಿಂತ ಮೇಲೆ ಉಳಿದದ್ದು ಈ ನೋವು ಒಂದೇ. ಹೊಸದಲ್ಲ, ಮೊಣಕೈವರೆಗೆ ಹಳೆಯ ನೋವು, ಯಾವಾಗಿನಿಂದ ಎಂದು ಅವಳಿಗೇ ಗೊತ್ತಿಲ್ಲ. ಕೆಲಸದಲ್ಲಿ ಕೇಳಿಸುತ್ತಿರಲಿಲ್ಲ, ಮಲಗಿದರೆ ನಿದ್ದೆ. ಇದು ಜವಾಬಾ ಟೀಚರೇ ಎಂದು ಕೇಳಿದಳು. ಮದುವೆಯ ಪ್ರಶ್ನೆಗೆ ಕೈನೋವು ಉತ್ತರವಾಗುವುದು ಹೇಗೆ? ಕೈ ನೋಯುತ್ತದೆಂದು ಯಾರಾದರೂ ನಿಕಾಹ್ ಆಗುತ್ತಾರಾ, ಮುಲಾಮು ಸಾಕಲ್ಲವಾ? ಹಾಗೆಂದೇ ಹೇಳಿದೆ, ಮನೆಯಿಂದ ಮುಲಾಮು ತಂದು ತಿಕ್ಕಿದೆ. ಆ ಕೈಯನ್ನು ನಾನು ಹಾಗೆ ಹಿಡಿದದ್ದು ಅದೇ ಮೊದಲು. ಅಂಗೈ ಕಲ್ಲಿನಂತಿತ್ತು.

ಜುಲೈಕಾ, ಇವತ್ತೇ ಫೋನ್ ಮಾಡಿ ಬೇಡ ಎಂದು ಹೇಳಿಬಿಡುತ್ತೇನೆ ಎಂದಳು. ಅಲ್ಲಾಹನು ಏನೂ ಹೇಳದೆ ಇರುವಾಗ ಹೌದು ಎಂದು ತಾನು ಹೇಗೆ ಹೇಳುವುದು, ನಾಳೆ ಏನಾದರೂ ಆದರೆ ಯಾರನ್ನು ಕೇಳುವುದು, ಒಬ್ಬ ಮನುಷ್ಯನನ್ನು ಎಷ್ಟು ದಿನ ಕಾಯಿಸುವುದು. ಅವಳ ಮಾತು ಸರಿಯಾಗಿಯೇ ಇತ್ತು. ಅವಳು ಇಲ್ಲೇ ಉಳಿಯುತ್ತಾಳೆಂದು ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಅವಳ ಕೈಯಲ್ಲಿ ಮುಲಾಮು ಇದ್ದದ್ದರಿಂದ, ಸೆರಗಿಗೆ ಕೈ ಒರೆಸಿ ನಂಬರ್ ಒತ್ತಿದವಳು ನಾನೇ. ಸ್ಪೀಕರ್ ಹಾಕಿ ಫೋನನ್ನು ಜಗಲಿಯ ಮೇಲೆ ಇಟ್ಟೆ. ಅವರಿಬ್ಬರು ಮಾತಾಡಿದ್ದು ಬ್ಯಾರಿ ಭಾಷೆಯಲ್ಲಿ. ನನಗೆ ಮಾತಾಡಲು ಬರುವುದಿಲ್ಲ, ಅರ್ಥವಾಗುತ್ತದೆ. ಎದ್ದು ಹೋಗಲು ನೋಡಿದರೆ ಜುಲೈಕಾ ಕಣ್ಣಿನಲ್ಲೇ ಕೂರಿಸಿದಳು. ಸಲಾಂ ಹೇಳಿ ಆದ ಮೇಲೆ ಅವಳು ನೇರ ವಿಷಯಕ್ಕೆ ಬಂದಳು. ಇಷ್ಟು ದಿನದಿಂದ ಇಸ್ತಿಖಾರ ಮಾಡಿದೆ, ನನಗೆ ಏನೂ ಕಾಣಲಿಲ್ಲ, ತಪ್ಪು ತಿಳಿಯಬೇಡಿ ಎಂದಳು.

"ನನಗೂ ಕಾಣ್ಲಿಲ್ಲ," ಎಂದರು ಶುಕೂರ್. "ನಿಮ್ಮ ಮನೆಗೆ ಬಂದು ಹೋದ ದಿನದಿಂದ ನಾನೂ ಕೇಳ್ತಾ ಇದ್ದೇನೆ. ಕನಸು ಬೀಳ್ಬೇಕಾದ್ರೆ ನಿದ್ದೆ ಬರ್ಬೇಕಲ್ಲ. ಹೆಂಡತಿ ಹೋದ ಮೇಲೆ ನನಗೆ ನಿದ್ದೆ ಸರಿ ಇಲ್ಲ. ಹಾಸಿಗೆ ಮಾರುವವನು ಹೀಗೆ ಹೇಳಿದ್ರೆ ವ್ಯಾಪಾರ ಹಾಳು, ಯಾರಿಗೂ ಹೇಳುದಿಲ್ಲ."

ನಾನು ಜುಲೈಕಾಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಇಷ್ಟು ದಿನ ಅವಳ ಮಗ, ಮಗಳು, ನಾನು, ಊರಿನ ಹೆಂಗಸರು ಎಲ್ಲ ಸೇರಿ ಆ ಮನುಷ್ಯನನ್ನು ಒಂದು ಪ್ರಶ್ನೆ ಮಾಡಿ ದೇವರ ಮುಂದೆ ಇಟ್ಟಿದ್ದೆವು. ಕನ್ಯಾನದಲ್ಲಿ ಅವರೂ ಚಾಪೆ ಹಾಸಿ ಕೂತು, ಅದೇ ಪ್ರಶ್ನೆ ಕೇಳಿ, ಅವಳ ಹಾಗೆಯೇ ಬರಿಗೈಯಲ್ಲಿ ಎದ್ದಿರಬಹುದು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಅವರು ಮತ್ತೆ ಏನೂ ಹೇಳಲಿಲ್ಲ. ಅವಳೂ ಹೇಳಲಿಲ್ಲ. ಒಳಗೆ ಒಲೆ ಆರಿತ್ತು. ಫೋನ್ ಕಟ್ ಆಯಿತೇನೋ ಎಂದು ನಾನು ಬಗ್ಗಿ ನೋಡಿದೆ, ಆಗಿರಲಿಲ್ಲ. ಬೇರೆ ದಿನವಾಗಿದ್ದರೆ ನಾನು ನಡುವೆ ಬಾಯಿ ಹಾಕಿ ಇಬ್ಬರಿಗೂ ಒಂದು ವಾಕ್ಯ ಹೇಳಿಕೊಡುತ್ತಿದ್ದೆ. ಅವತ್ತು ಬಾಯಿ ಬರಲಿಲ್ಲ.

"ಕೈ ನೋಯ್ತದೆ," ಎಂದಳು ಜುಲೈಕಾ. "ಅವತ್ತು ನೀವು ಕೇಳಿದ್ರಲ್ಲ, ನಾನು ಇಲ್ಲ ಅಂತ ಹೇಳಿದೆ. ನೋಯ್ತದೆ."

ಆ ಕಡೆಯಿಂದ ಉಸಿರು ಬಿಟ್ಟದ್ದು ಕೇಳಿಸಿತು.

"ರಂಜಾನ್ ಮೊದಲು ಒಮ್ಮೆ ಬರ್ತೇನೆ," ಎಂದರು ಅವರು. "ಆ ದಿನ ಒಲೆ ಹೊತ್ತಿಸ್ಬೇಡಿ. ತಿನ್ನಲಿಕ್ಕೆ ನಾನು ತರ್ತೇನೆ."

ಜುಲೈಕಾ ಮುಲಾಮಿನ ಕೈಯಿಂದಲೇ ಮುಖ ಒರೆಸಿಕೊಂಡಳು. ಕಣ್ಣು ಉರಿದಿರಬೇಕು, ಅದಕ್ಕೂ ಇದಕ್ಕೂ ಸೇರಿ ನೀರು ಇಳಿಯಿತು. ಬನ್ನಿ ಎಂದಳು. ಬೇಡ ಎಂದು ಹೇಳಲು ಫೋನ್ ಮಾಡಿದವಳು ಅದನ್ನು ಹೇಳಲೇ ಇಲ್ಲ.

ಫೋನ್ ಇಟ್ಟ ಮೇಲೆ, ಇದು ಅಲ್ಲಾಹನು ಹೇಳಿದ್ದಾ, ನಾನೇ ಹೇಳಿದ್ದಾ ಟೀಚರೇ ಎಂದು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. ಇಡೀ ಸರ್ವಿಸಿನಲ್ಲಿ ಆ ಮಾತನ್ನು ಒಮ್ಮೆಯಾದರೂ ಹೇಳಿದ್ದು ನೆನಪಿಲ್ಲ.

ಮನೆಗೆ ಬಂದರೆ ಯಜಮಾನರು ಜಗಲಿಯಲ್ಲೇ ಕಾದಿದ್ದರು. ಏನಂತೆ, ಹೌದಂತಾ ಅಲ್ಲವಂತಾ ಎಂದರು. ಹೌದು ಎಂದೆ. ಅಷ್ಟು ಹೇಳಿ ಅಡುಗೆಮನೆಗೆ ಹೋಗಿ, ಪಾಗಾರದ ಕಡೆಯ ಕಿಟಕಿ ಮುಚ್ಚಿ, ಅಳು ಬಂದಷ್ಟು ಅತ್ತೆ.